ಮನೆ ಮುಂದಿನ ಬೇಲಿಗೆ ಅಲ್ಯೂಮಿನಿಯಂ: ಎಲ್ಲಿ ಹಾಕಬೇಕು, ಎಲ್ಲಿ ಬೇಡ, ಹೇಗೆ ನಿಲ್ಲಿಸಬೇಕು?

ಯುವ ರೈತ ಮಿತ್ರರೇ, ತೋಟದ ಮನೆ ಕಟ್ಟಿ ಮುಗಿದ ಮೇಲೆ ಬರುವ ಮುಂದಿನ ಖರ್ಚು ಬೇಲಿ. ಕಲ್ಲುಕಂಬ, ಮುಳ್ಳುತಂತಿ, ಚೈನ್‌ಲಿಂಕ್ ಎಲ್ಲರಿಗೂ ಗೊತ್ತು. ಈಗ ಮೊಬೈಲ್ ತೆರೆದರೆ ಸಾಕು, ಬಣ್ಣ ಬಳಿದ ಅಲ್ಯೂಮಿನಿಯಂ ಬೇಲಿಯ ವಿಡಿಯೋಗಳು ಸಾಲು ಸಾಲು. "ತುಕ್ಕು ಹಿಡಿಯಲ್ಲ, ಬಣ್ಣ ಬೇಡ, ಜೀವನಪೂರ್ತಿ ಚಿಂತೆಯಿಲ್ಲ" ಅಂತ ಹೇಳುತ್ತಾರೆ. ಇದರಲ್ಲಿ ಅರ್ಧ ನಿಜ. ಉಳಿದರ್ಧ ನೀವು ಅದನ್ನು ಎಲ್ಲಿ ಹಾಕುತ್ತೀರಿ, ಬುಡ ಹೇಗೆ ನಿಲ್ಲಿಸುತ್ತೀರಿ ಅನ್ನೋದರ ಮೇಲೆ ನಿಂತಿದೆ.

ಮೊದಲೇ ಹೇಳಿಬಿಡೋಣ: ಅಲ್ಯೂಮಿನಿಯಂ ಮನೆಯಂಗಳದ ಬೇಲಿ, ಜಮೀನಿನ ಗಡಿಯ ಬೇಲಿ ಅಲ್ಲ. ಈ ವ್ಯತ್ಯಾಸ ತಿಳಿದುಕೊಂಡರೆ ಸಾವಿರಾರು ರೂಪಾಯಿ ಉಳಿಯುತ್ತೆ.

ಗುಣ ಏನು, ದೋಷ ಏನು?

ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತೆ. ಕಬ್ಬಿಣದ ತುಕ್ಕು ಪುಡಿಪುಡಿಯಾಗಿ ಉದುರಿ ಒಳಗಿನ ಲೋಹವನ್ನೂ ತಿನ್ನುತ್ತಾ ಹೋಗುತ್ತೆ. ಇದು ಹಾಗಲ್ಲ, ಈ ಪದರ ಲೋಹಕ್ಕೆ ಅಂಟಿಕೊಂಡು ಒಳಗಿನದನ್ನು ಕಾಯುತ್ತೆ. ಅದಕ್ಕೇ ಮಲೆನಾಡಿನ ನಾಲ್ಕು ತಿಂಗಳ ಮಳೆಯಲ್ಲೂ ಕರಾವಳಿಯ ಉಪ್ಪುಗಾಳಿಯಲ್ಲೂ ಕಬ್ಬಿಣಕ್ಕಿಂತ ಚೆನ್ನಾಗಿ ಬಾಳುತ್ತೆ.

ಇನ್ನೊಂದು ಲಾಭ ತೂಕ. ಒಂದೇ ಅಳತೆಯ ಕಬ್ಬಿಣದ ಪೈಪಿಗಿಂತ ಸುಮಾರು ಮೂರನೇ ಒಂದು ಪಾಲು ತೂಕ ಅಷ್ಟೇ. ಇಬ್ಬರು ಸೇರಿದರೆ ಪ್ಯಾನೆಲ್ ಎತ್ತಿ ನಿಲ್ಲಿಸಬಹುದು.

ಈಗ ದೋಷಕ್ಕೆ ಬರೋಣ.

* ಬಾಗುವುದು ಜಾಸ್ತಿ. ಒಂದೇ ಅಳತೆಯ ಪೈಪಿಗೆ ಒಂದೇ ಭಾರ ಹಾಕಿದರೆ ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರ ಹತ್ತಿರ ಮೂರು ಪಟ್ಟು ಬಾಗುತ್ತೆ. ಎಮ್ಮೆಯೋ ಎತ್ತೋ ಮೈ ಉಜ್ಜಿಕೊಳ್ಳಲು ಶುರುಮಾಡಿದರೆ ಒಂದೇ ಹಂಗಾಮಿಗೆ ಪಟ್ಟಿಗಳು ಸೊಟ್ಟಗಾಗುತ್ತವೆ.
* ಊರಿನ ವೆಲ್ಡಿಂಗ್ ಶಾಪಿನಲ್ಲಿ ರಿಪೇರಿ ಕಷ್ಟ. ಗೇಟು, ಟ್ರೇಲರ್ ಬೆಸೆಯುವ ಸಾಮಾನ್ಯ ಆರ್ಕ್ ವೆಲ್ಡಿಂಗ್‌ನಲ್ಲಿ ತೆಳು ಅಲ್ಯೂಮಿನಿಯಂ ಸರಿಯಾಗಿ ಕೂರಲ್ಲ, ಆರ್ಗಾನ್ ವೆಲ್ಡಿಂಗ್ ಬೇಕು. ಅದನ್ನು ಮಾಡಿದರೂ ಬೆಸುಗೆ ಪಕ್ಕದ ಲೋಹ ಶಾಖಕ್ಕೆ ಮೆದುವಾಗುತ್ತೆ. ಹಾಗಾಗಿ ಸ್ಕ್ರೂ, ರಿವೆಟ್ ಹಾಕಿ ಜೋಡಿಸುವ ಬೇಲಿಯೇ ರೈತರಿಗೆ ವಾಸಿ. ಒಂದು ಪಟ್ಟಿ ಹೋದರೆ ಒಂದನ್ನೇ ಬದಲಿಸಬಹುದು.
* ಸುಣ್ಣ, ಸಿಮೆಂಟು, ಬೂದಿ ಆಗಲ್ಲ. ಕ್ಷಾರ ಇರುವ ವಸ್ತುಗಳು ಆ ಕಾಯುವ ಪದರವನ್ನೇ ಕರಗಿಸಿಬಿಡುತ್ತವೆ.
* ಕಳ್ಳರ ಕಣ್ಣು. ಗುಜರಿಯಲ್ಲಿ ಅಲ್ಯೂಮಿನಿಯಂಗೆ ಒಳ್ಳೆ ಬೆಲೆ. ಯಾರೂ ವಾಸ ಇಲ್ಲದ ತೋಟದ ಅಂಚಿಗೆ ಹಾಕಿದರೆ ಬಿಚ್ಚಿಕೊಂಡು ಹೋಗುವ ಭಯ ಇದ್ದೇ ಇರುತ್ತೆ.

ಎಲ್ಲಿ ಸೂಕ್ತ, ಎಲ್ಲಿ ಬೇಡ?

ಮನೆ ಎದುರಿನ ಅಂಗಳ, ಕೈತೋಟ, ಜಗಲಿ ಮುಂದಿನ ಹೂವಿನ ಪಾತಿ, ಮಕ್ಕಳು ಆಡುವ ಜಾಗ, ಬಾವಿ ಅಥವಾ ಕೃಷಿ ಹೊಂಡಕ್ಕೂ ಮನೆಗೂ ನಡುವಿನ ತಡೆ: ಇವಕ್ಕೆ ಅಲ್ಯೂಮಿನಿಯಂ ಸೂಕ್ತ. ನಾಯಿ, ಕುರಿ, ಮೇಕೆ, ಅಡ್ಡಾಡುವ ಬಿಡಾಡಿ ದನ ಒಳಗೆ ಬಾರದಂತೆ ತಡೆಯುತ್ತೆ.

ದನದ ಕೊಟ್ಟಿಗೆಯ ಸುತ್ತ ಬೇಡ. ಗಂಜಲ, ಸಗಣಿ ಬಗ್ಗಡ ಸದಾ ತಾಗುತ್ತಿರುವ ಕಡೆ ಯಾವ ಲೋಹವೂ ಸುಖವಾಗಿರಲ್ಲ, ಜೊತೆಗೆ ದನ ಒರಗುತ್ತೆ. ಹಂದಿ ಬರುವ ಗದ್ದೆಗೆ ಬೇಡ, ಅದು ಬುಡವನ್ನೇ ಅಗೆದು ನುಗ್ಗುತ್ತೆ. ಕಾಟಿ, ಆನೆ ಓಡಾಡುವ ಕಡೆಯಂತೂ ಈ ಮಾತೇ ಬೇಡ. ನಾಗರಹೊಳೆ, ಬಂಡೀಪುರದ ಅಂಚಿನಲ್ಲಿ ಅರಣ್ಯ ಇಲಾಖೆ ಹಳೇ ರೈಲು ಕಂಬಿಗಳನ್ನೇ ನೆಟ್ಟು ಆನೆ ತಡೆಯುತ್ತಿದೆ ಅಂದರೆ ಅಂದಾಜು ಮಾಡಿಕೊಳ್ಳಿ. ಮಂಗನಿಗೆ ಯಾವ ಬೇಲಿಯೂ ಏಣಿಯೇ.

ಜಮೀನಿನ ಗಡಿಗೆ ಕಲ್ಲುಕಂಬ ಮತ್ತು ಚೈನ್‌ಲಿಂಕ್, ಇಲ್ಲವೇ ಗ್ಲಿರಿಸಿಡಿಯಾ, ಕತ್ತಾಳೆಯಂಥ ಜೀವಂತ ಬೇಲಿ ಇಟ್ಟುಕೊಳ್ಳಿ. ಗ್ಲಿರಿಸಿಡಿಯಾ ಬೇಲಿಗೆ ಬೇಲಿಯೂ ಆಯ್ತು, ವರ್ಷಕ್ಕೆ ಎರಡು ಮೂರು ಸಲ ಸವರಿದರೆ ಹಸಿರೆಲೆ ಗೊಬ್ಬರವೂ ಆಯ್ತು.

ಗುಂಡಿ ತೋಡುವ ಮೊದಲು ಗಡಿ ನೋಡಿ

ಹಳ್ಳಿಯಲ್ಲಿ ಬೇಲಿ ಜಗಳ ಅಂದರೆ ಎರಡು ತಲೆಮಾರಿನ ಜಗಳ. ಒಂದು ಅಡಿ ಆಚೀಚೆ ಆಗಿದ್ದಕ್ಕೆ ದಾಯಾದಿಗಳು ಕೋರ್ಟು ಹತ್ತಿದ ಊರುಗಳು ಎಷ್ಟಿಲ್ಲ? ಹಾಗಾಗಿ:

1. ಮನೆ ಗ್ರಾಮಠಾಣಾದಲ್ಲಿದ್ದರೆ ಇ-ಸ್ವತ್ತು ದಾಖಲೆಯ ಅಳತೆ, ಚಕ್ಕುಬಂದಿ ತೆಗೆದು ನೋಡಿ, ಟೇಪು ಹಿಡಿದು ಹೋಲಿಸಿ.
2. ಮನೆ ಸರ್ವೆ ನಂಬರಿನ ಜಮೀನಿನಲ್ಲಿದ್ದರೆ ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ನೋಡಬಹುದು. ಆದರೆ ಇದು ಅಂದಾಜಿಗೆ ಮಾತ್ರ. ಮೊಬೈಲ್ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತೆ. ಅದನ್ನು ನಂಬಿ ಕಂಬ ನೆಡಬೇಡಿ.
3. ಗಡಿ ಕಲ್ಲು ಸಿಗದಿದ್ದರೆ, ತಕರಾರು ಇದ್ದರೆ ಹದ್ದುಬಸ್ತಿಗೆ ಅರ್ಜಿ ಕೊಡಿ. ನಾಡಕಚೇರಿಯಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ. ಸರ್ವೆಯರ್ ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು ಅಳೆದು ಗಡಿ ಗುರುತಿಸುತ್ತಾರೆ.
4. ಬಂಡಿದಾರಿ, ಕಾಲುದಾರಿ, ಹಳ್ಳದ ಖರಾಬು ಮುಚ್ಚಬೇಡಿ. ರಸ್ತೆ ಅಂಚಿಗೆ ಹಾಕುವುದಾದರೆ ಎಷ್ಟು ಜಾಗ ಬಿಡಬೇಕು ಅಂತ ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಲೋಕೋಪಯೋಗಿ ಇಲಾಖೆಯ ರಸ್ತೆಯಾದರೆ ಅವರನ್ನೂ ಕೇಳಿ.
5. ಕಂಬ ನೆಡುವ ದಿನ ಪಕ್ಕದ ಜಮೀನಿನ ಅಣ್ಣನನ್ನು ಕರೆದು, ದಾರ ಕಟ್ಟಿ ತೋರಿಸಿ. ಕಾಗದ ಎಷ್ಟೇ ಸರಿಯಿದ್ದರೂ ಈ ಒಂದು ಕರೆ ಮುಂದಿನ ಎಷ್ಟೋ ಮಾತು ತಪ್ಪಿಸುತ್ತೆ.

ಲೆಕ್ಕ ನೀವೇ ಹಾಕಿ

ಅಂಗಡಿಯವರು "ಅಡಿಗೆ ಇಷ್ಟು" ಅಂತ ದರ ಹೇಳುತ್ತಾರೆ. ಆ ಅಡಿಯೊಳಗೆ ಎಷ್ಟು ಕೆಜಿ ಲೋಹ ಇದೆ ಅನ್ನೋದೇ ಅಸಲಿ ವಿಷಯ. ಒಂದು ಉದಾಹರಣೆ ನೋಡೋಣ.

ಅಂಗಳ 60 ಅಡಿ ಅಗಲ, 80 ಅಡಿ ಉದ್ದ. ಎದುರಿಗೆ ಟ್ರ್ಯಾಕ್ಟರ್ ಬರಲು 12 ಅಡಿಯ ದೊಡ್ಡ ಗೇಟು, ಅದರ ಪಕ್ಕ ಜನ ಓಡಾಡಲು 4 ಅಡಿಯ ಚಿಕ್ಕ ಗೇಟು. ಕಂಬದಿಂದ ಕಂಬಕ್ಕೆ 8 ಅಡಿಗಿಂತ ಹೆಚ್ಚು ಬೇಡ.

* ಎರಡು ಪಕ್ಕಗಳು: 80 ಅಡಿಗೆ 8 ಅಡಿಯ 10 ಪ್ಯಾನೆಲ್. ಎರಡೂ ಸೇರಿ 20.
* ಹಿಂಭಾಗ: 60 ಅಡಿಯನ್ನು 8ರಿಂದ ಭಾಗಿಸಿದರೆ ಏಳೂವರೆ ಬರುತ್ತೆ. ಕೊನೆಗೆ ಅರ್ಧ ಪ್ಯಾನೆಲ್ ಉಳಿಸಬೇಡಿ. ಏಳೂವರೆ ಅಡಿಯ 8 ಸಮ ಪ್ಯಾನೆಲ್ ಮಾಡಿ.
* ಎದುರು: ಎರಡು ಗೇಟು ಕಳೆದರೆ 44 ಅಡಿ. ಸುಮಾರು 7 ಅಡಿ 4 ಅಂಗುಲದ 6 ಪ್ಯಾನೆಲ್.

ಒಟ್ಟು 34 ಪ್ಯಾನೆಲ್, 2 ಗೇಟು. ಸುತ್ತು ಪೂರ್ತಿ ಮುಚ್ಚುವ ಬೇಲಿಗೆ ಪ್ಯಾನೆಲ್ ಮತ್ತು ಗೇಟು ಸೇರಿ ಎಷ್ಟೋ ಅಷ್ಟೇ ಕಂಬ, ಅಂದರೆ 36.

ಈಗ ತೂಕಕ್ಕೆ ಬರೋಣ. ಅಲ್ಯೂಮಿನಿಯಂ ಚೌಕ ಪೈಪು ಒಂದು ಮೀಟರ್‌ಗೆ ಎಷ್ಟು ತೂಗಬೇಕು ಅನ್ನೋದು ಹೀಗಿದೆ. ಇದನ್ನು ಮೊಬೈಲ್‌ನಲ್ಲಿ ಸೇವ್ ಮಾಡಿಟ್ಟುಕೊಳ್ಳಿ:

* 50×50 ಮಿಮೀ, ದಪ್ಪ 2 ಮಿಮೀ: ಸುಮಾರು 1 ಕೆಜಿ 40 ಗ್ರಾಂ
* 50×50 ಮಿಮೀ, ದಪ್ಪ 1.2 ಮಿಮೀ: ಸುಮಾರು 630 ಗ್ರಾಂ
* 40×40 ಮಿಮೀ, ದಪ್ಪ 1.5 ಮಿಮೀ: ಸುಮಾರು 625 ಗ್ರಾಂ
* 25×25 ಮಿಮೀ, ದಪ್ಪ 1.2 ಮಿಮೀ: ಸುಮಾರು 310 ಗ್ರಾಂ

ಮೊದಲ ಎರಡು ಸಾಲು ನೋಡಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಬಣ್ಣವೂ ಒಂದೇ. ಒಳಗೆ ಲೋಹ ಮಾತ್ರ ನೂರಕ್ಕೆ 40 ಪಾಲು ಕಡಿಮೆ. ಮೋಸ ಆಗೋದು ಇಲ್ಲೇ. ಕಂಬಕ್ಕೆ 2 ಮಿಮೀಗಿಂತ ತೆಳು ಒಪ್ಪಬೇಡಿ.

4 ಅಡಿ ಎತ್ತರ, 8 ಅಡಿ ಅಗಲದ ಪ್ಯಾನೆಲ್‌ಗೆ 40 ಮಿಮೀಯ ಎರಡು ಅಡ್ಡಪಟ್ಟಿ, 25 ಮಿಮೀಯ 19 ನಿಲುವು ಪಟ್ಟಿ ಅಂತ ಇಟ್ಟುಕೊಂಡರೆ ಸುಮಾರು 10 ಕೆಜಿ. ನೆಲದೊಳಗಿನ 2 ಅಡಿಯೂ ಸೇರಿ 6 ಅಡಿಯ ಕಂಬ ಒಂದಕ್ಕೆ 1.9 ಕೆಜಿ. ಸುತ್ತಲೂ ಅಲ್ಯೂಮಿನಿಯಂ ಹಾಕಿದರೆ ಗೇಟು ಬಿಟ್ಟೇ 400 ಕೆಜಿ ಹತ್ತಿರ ಬೇಕು. ಎದುರು ಸಾಲಿಗೆ ಮಾತ್ರ ಹಾಕಿದರೆ 70 ಕೆಜಿಯೂ ಆಗಲ್ಲ.

ಕೆಜಿ ಲೆಕ್ಕದಲ್ಲಿ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹಲವು ಪಟ್ಟು ದುಬಾರಿ. ಹಾಗಾಗಿ ನಮ್ಮ ಸಲಹೆ ಇಷ್ಟೇ: ಎದುರಿಗೆ ಅಲ್ಯೂಮಿನಿಯಂ, ಉಳಿದ ಮೂರು ಕಡೆ ಕಲ್ಲುಕಂಬ ಮತ್ತು ಚೈನ್‌ಲಿಂಕ್, ಇಲ್ಲವೇ ದಾಸವಾಳದ ಬೇಲಿ. ನಿಮ್ಮೂರಿನ ಇವತ್ತಿನ ಕೆಜಿ ದರ ಕೇಳಿ ತೂಕಕ್ಕೆ ಗುಣಿಸಿ, ಅದಕ್ಕೆ ಪೌಡರ್ ಕೋಟಿಂಗ್, ಸ್ಕ್ರೂ, ಕೂಲಿ ಸೇರಿಸಿ. ಅಂಗಡಿಯವರ ಕೊಟೇಶನ್ ಇದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಯಾಕೆ ಅಂತ ಕೇಳಿ. ತುಂಬಾ ಕಡಿಮೆ ಇದ್ದರಂತೂ ಕೇಳಲೇಬೇಕು!

ಅಂಗಡಿಯಲ್ಲಿ ಏನು ನೋಡಬೇಕು?

ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಅಲ್ಯೂಮಿನಿಯಂಗೆ ಅದು ಅಂಟಲ್ಲ. ಅಂಟಿದರೆ ಅದು ಬಣ್ಣ ಬಳಿದ ಕಬ್ಬಿಣ.

ಮಿಶ್ರಲೋಹದ ನಂಬರ್ ಕೇಳಿ. ಕಿಟಕಿ, ಬೇಲಿ ಪಟ್ಟಿಗಳಿಗೆ ಸಾಮಾನ್ಯವಾಗಿ ಬಳಸುವುದು 6063. ಅದರ ಮುಂದೆ ಟಿ5 ಅಥವಾ ಟಿ6 ಅಂತ ಇದ್ದರೆ ಹದಗೊಳಿಸಿದ ಗಟ್ಟಿ ಲೋಹ ಅಂತ ಅರ್ಥ. "ಎಲ್ಲಾ ಒಂದೇ ಸಾರ್" ಅನ್ನುವ ಉತ್ತರ ಬಂದರೆ ಮುಂದಿನ ಅಂಗಡಿಗೆ ಹೋಗಿ.

ಬಣ್ಣದಲ್ಲಿ ಎರಡು ಬಗೆ. ಪೌಡರ್ ಕೋಟಿಂಗ್ ಅಂದರೆ ಪುಡಿ ಬಣ್ಣವನ್ನು ಒಲೆಯಲ್ಲಿ ಕಾಯಿಸಿ ಕೂರಿಸುವುದು. ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ ದಪ್ಪ ಇರುತ್ತೆ. ಆನೊಡೈಸಿಂಗ್ ಅಂದರೆ ಲೋಹದ ಮೇಲಿನ ಆಕ್ಸೈಡ್ ಪದರವನ್ನೇ ವಿದ್ಯುತ್ ಹಾಯಿಸಿ ದಪ್ಪ ಮಾಡುವುದು. ಎರಡೂ ಒಳ್ಳೆಯವೇ. ಕಾರವಾರದಿಂದ ಉಳ್ಳಾಲದವರೆಗೆ ಸಮುದ್ರದ ಹತ್ತಿರ ಇರುವವರು ಕೋಟಿಂಗ್ ಇಲ್ಲದ ಪಟ್ಟಿ ತಗೋಬೇಡಿ. ಉಪ್ಪು ಕೂತಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತೆ. ಗ್ಯಾರಂಟಿ ಕಾಗದದಲ್ಲಿ ಕರಾವಳಿ ಪ್ರದೇಶಕ್ಕೂ ಅನ್ವಯ ಅಂತ ಬರೆದಿದೆಯಾ ನೋಡಿ.

ಪಟ್ಟಿಗಳ ನಡುವಿನ ಸಂದು 4 ಅಂಗುಲ ಮೀರಬಾರದು. ಅದಕ್ಕಿಂತ ಅಗಲವಾದರೆ ಚಿಕ್ಕ ಮಕ್ಕಳ ತಲೆ ಸಿಕ್ಕಿಕೊಳ್ಳುವ ಅಪಾಯ. ಮನೆಯಲ್ಲಿ ಕೋಳಿ ಇದ್ದರೆ ಕೆಳಗಿನ 2 ಅಡಿಗೆ ಒಳಗಿನಿಂದ ಪ್ಲಾಸ್ಟಿಕ್ ಜಾಲರಿ ಕಟ್ಟಿ. ಪಟ್ಟಿ ತುದಿ ಭರ್ಜಿಯ ಹಾಗೆ ಚೂಪಿರುವ ವಿನ್ಯಾಸ ಮಕ್ಕಳಿರುವ ಮನೆಗೆ ಬೇಡ.

ಸಂದೇ ಇಲ್ಲದ ಹಾಳೆಯ ಬೇಲಿ ನೋಡಲು ಚೆಂದ. ಆದರೆ ಗಾಳಿಗೆ ಅದು ದೋಣಿಯ ಹಾಯಿಯಂತೆ ತಳ್ಳಿಸಿಕೊಳ್ಳುತ್ತೆ, ಕಂಬ ಬುಡಸಮೇತ ವಾಲುತ್ತೆ. ಬಯಲುಸೀಮೆಯ ಗಾಳಿಗೆ ಗಾಳಿಯಾಡುವ ಪಟ್ಟಿ ಬೇಲಿಯೇ ಸರಿ.

ಬಿಲ್ಲಿನಲ್ಲಿ ಅಡಿ ಮಾತ್ರ ಅಲ್ಲ, ತೂಕ, ದಪ್ಪ, ಲೋಹದ ನಂಬರ್ ಮೂರೂ ಬರೆಸಿಕೊಳ್ಳಿ.

ಕಂಬ ನಿಲ್ಲಿಸುವುದು: ಬೇಲಿಯ ಆಯುಷ್ಯ ಇಲ್ಲೇ ಇದೆ

ಮಳೆಗಾಲ ಮುಗಿದು ನೆಲ ಹದಕ್ಕೆ ಬಂದ ಮೇಲೆ ಕೆಲಸ ಶುರುಮಾಡಿ. ಗುಂಡಿ ತೋಡುವ ಮೊದಲು ಹನಿ ನೀರಾವರಿ ಪೈಪು, ಬೋರ್‌ವೆಲ್ ಪೈಪು, ಮೋಟಾರಿನ ಕೇಬಲ್ ಎಲ್ಲೆಲ್ಲಿ ಹಾದುಹೋಗಿವೆ ಗುರುತು ಹಾಕಿ.

ದಾರ ಮತ್ತು ಮೂಲೆ. ಮೂಲೆಗಳಲ್ಲಿ ಗೂಟ ಹೊಡೆದು ದಾರ ಎಳೆಯಿರಿ. ಮೂಲೆ ಸರಿಯಾಗಿದೆಯಾ ನೋಡಲು ಒಂದು ದಾರದ ಮೇಲೆ 6 ಅಡಿ, ಇನ್ನೊಂದರ ಮೇಲೆ 8 ಅಡಿ ಗುರುತು ಮಾಡಿ. ಎರಡು ಗುರುತುಗಳ ನಡುವೆ ಸರಿಯಾಗಿ 10 ಅಡಿ ಬಂದರೆ ಮೂಲೆ ನೇರ.

ಗುಂಡಿ. 4 ಅಡಿ ಎತ್ತರದ ಬೇಲಿಗೆ 2 ಅಡಿ ಆಳ, 10 ಅಂಗುಲ ಅಗಲ. ಕೆಂಪು ಮಣ್ಣು, ಜಂಬಿಟ್ಟಿಗೆ ನೆಲಕ್ಕೆ ಇಷ್ಟು ಸಾಕು. ಗದಗ, ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಎರೆ ಭೂಮಿಯಲ್ಲಿ ಸಾಲದು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತೆ, ಕಂಬವನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪ ಮೇಲೆತ್ತುತ್ತೆ. ಅಲ್ಲಿ 3 ಅಡಿ ಆಳಕ್ಕೆ ಹೋಗಿ, ಗುಂಡಿಯ ಬುಡ ಬಾಯಿಗಿಂತ ಅಗಲ ಇರಲಿ, ಕಾಂಕ್ರೀಟಿನ ಸುತ್ತ ಗರಸು ತುಂಬಿ. ಆಳ ಹೆಚ್ಚಾದಷ್ಟು ಕಂಬದ ಉದ್ದವನ್ನೂ ಹೆಚ್ಚಿಸಿ ಆರ್ಡರ್ ಕೊಡಿ. ತಳಕ್ಕೆ 3 ಅಂಗುಲ ಜಲ್ಲಿ ಹಾಕಿದರೆ ನೀರು ನಿಲ್ಲಲ್ಲ.

ಬುಡಕ್ಕೆ ಬಿಟುಮೆನ್ ಬಣ್ಣ. ಎಲ್ಲರೂ ಬಿಡುವ ಹೆಜ್ಜೆ ಇದು. ಹಸಿ ಸಿಮೆಂಟು ಬಹಳ ಕ್ಷಾರ. ಬರಿ ಅಲ್ಯೂಮಿನಿಯಂ ಅದರಲ್ಲಿ ಕೂತರೆ ಮೇಲ್ಪದರ ಕರಗಿ ಲೋಹ ಸವೆಯಲು ಶುರುವಾಗುತ್ತೆ. ಮೇಲೆ ಫಳಫಳ, ಬುಡದಲ್ಲಿ ಬಿಳಿ ಪುಡಿ! ಅದಕ್ಕೇ ಕಾಂಕ್ರೀಟಿನಲ್ಲಿ ಹೂಳುವ ಭಾಗಕ್ಕೆ, ನೆಲದಿಂದ 2 ಅಂಗುಲ ಮೇಲಿನವರೆಗೂ, ಬಿಟುಮೆನ್ ಬಣ್ಣವನ್ನು ಎರಡು ಸಲ ಬಳಿದು ಒಣಗಿಸಿ. ಇದಕ್ಕಿಂತ ಒಳ್ಳೆಯ ದಾರಿ ಅಂದರೆ ಮೊದಲು ಕಾಂಕ್ರೀಟ್ ಪೀಠ ಮಾಡಿ, ಒಣಗಿದ ಮೇಲೆ ಕಂಬದ ಅಡಿತಟ್ಟೆಯನ್ನು ರಬ್ಬರ್ ಹಾಳೆಯ ಮೇಲೆ ಕೂರಿಸಿ ಬೋಲ್ಟ್ ಮಾಡುವುದು. ಹಾಗೆ ಮಾಡಿದರೆ ನಾಳೆ ಕಂಬ ಬದಲಿಸುವುದೂ ಸುಲಭ.

ಕಾಂಕ್ರೀಟ್. ಒಂದು ಪಾಲು ಸಿಮೆಂಟು, ಎರಡು ಪಾಲು ಎಂ-ಸ್ಯಾಂಡ್, ನಾಲ್ಕು ಪಾಲು ಜಲ್ಲಿ. ಒಂದು ಮೂಟೆ ಸಿಮೆಂಟಿಗೆ ಸುಮಾರು 5 ಗುಂಡಿ ತುಂಬುತ್ತೆ. ಮೊದಲು ಎರಡು ತುದಿಯ ಕಂಬ ನಿಲ್ಲಿಸಿ, ನಡುವೆ ದಾರ ಎಳೆದು ಉಳಿದವನ್ನು ಅದಕ್ಕೆ ಹೊಂದಿಸಿ. ನೇರ ನೋಡಲು ತೂಕದ ಗುಂಡು ಅಥವಾ ರಸಮಟ್ಟ ಬಳಸಿ, ಎರಡು ಮಗ್ಗುಲಿಂದಲೂ ನೋಡಿ. ಮೊಬೈಲ್‌ನ ಲೆವೆಲ್ ಆ್ಯಪ್ ಅಂದಾಜಿಗೆ ಪರವಾಗಿಲ್ಲ, ಕೊನೆಯ ಮಾತು ರಸಮಟ್ಟದ್ದೇ. ಕಾಂಕ್ರೀಟಿನ ಮೇಲ್ಭಾಗ ಕಂಬದಿಂದ ಹೊರಕ್ಕೆ ಇಳಿಜಾರಾಗಿರಲಿ. ಸಿಮೆಂಟು ಎರಚಿದರೆ ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣಗಿದ ಮೇಲೆ ಕೆರೆದರೆ ಬಣ್ಣವೂ ಕಿತ್ತು ಬರುತ್ತೆ.

ಏಳು ದಿನ ನೀರುಣಿಸಿ. ಅಲ್ಲಿವರೆಗೆ ಪ್ಯಾನೆಲ್ ನೇತುಹಾಕಬೇಡಿ, ಎಷ್ಟೇ ಅವಸರ ಇದ್ದರೂ.

ಪ್ಯಾನೆಲ್, ಸ್ಕ್ರೂ, ಗೇಟು

ಬಿಸಿಲಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಎರಡು ಪಟ್ಟು ಹಿಗ್ಗುತ್ತೆ. 8 ಅಡಿಯ ಪಟ್ಟಿ ಬೆಳಗಿನ ಚಳಿಯಿಂದ ಮಧ್ಯಾಹ್ನದ ಬಿಸಿಲಿಗೆ 30 ಡಿಗ್ರಿ ಏರಿದರೆ ಸುಮಾರು ಒಂದೂವರೆ ಮಿಲಿಮೀಟರ್ ಉದ್ದವಾಗುತ್ತೆ. ಕಮ್ಮಿ ಅನ್ನಿಸಬಹುದು. ಆದರೆ 60 ಅಡಿಯನ್ನೂ ಸಂದಿಲ್ಲದೆ ಬಿಗಿದರೆ ಅದೇ 12 ಮಿಲಿಮೀಟರ್ ಆಗಿ ಬೇಲಿ ಹಾವಿನಂತೆ ಡೊಂಕಾಗುತ್ತೆ. ಪ್ರತಿ ಪ್ಯಾನೆಲ್ ತುದಿಯಲ್ಲೂ 3 ಮಿಮೀ ಸಂದು ಬಿಡಿ.

ಸ್ಕ್ರೂ ವಿಷಯದಲ್ಲಿ ಜಿಪುಣತನ ಬೇಡ. ಎರಡು ಬೇರೆ ಬೇರೆ ಲೋಹ ತಾಗಿಕೊಂಡು ನಡುವೆ ನೀರು ನಿಂತರೆ ಅದು ಸಣ್ಣ ಬ್ಯಾಟರಿಯಂತೆ ಕೆಲಸ ಮಾಡಿ ಅಲ್ಯೂಮಿನಿಯಂ ಅನ್ನು ತಿನ್ನುತ್ತೆ. ಹಿತ್ತಾಳೆ, ತಾಮ್ರ ತಾಗಿಸಲೇಬೇಡಿ. ಸಾಮಾನ್ಯ ಕಬ್ಬಿಣದ ಸ್ಕ್ರೂ ಒಂದೇ ಮಳೆಗಾಲಕ್ಕೆ ಕೆಂಪು ನೀರು ಸುರಿಸುತ್ತೆ. ಒಳನಾಡಿಗೆ 304, ಕರಾವಳಿಗೆ 316 ನಂಬರಿನ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಜೊತೆಗೆ ನೈಲಾನ್ ವಾಷರ್ ಹಾಕಿ. ಕತ್ತರಿಸಿದ ತುದಿಗಳಿಗೆ ಅಂಗಡಿಯವರೇ ಕೊಡುವ ಟಚ್‌ಅಪ್ ಬಣ್ಣ ಬಳಿಯಿರಿ. ಕಂಬದ ತಲೆಗೆ ಮುಚ್ಚಳ ಬೇಕೇ ಬೇಕು. ಇಲ್ಲದಿದ್ದರೆ ಮಳೆನೀರು ಒಳಗೆ ತುಂಬುತ್ತೆ, ಕಣಜದ ಹುಳು ಗೂಡು ಕಟ್ಟುತ್ತೆ.

ಇಳಿಜಾರಿನ ಅಂಗಳದಲ್ಲಿ ಪ್ಯಾನೆಲ್‌ಗಳನ್ನು ಮೆಟ್ಟಿಲಿನಂತೆ ಇಳಿಸುತ್ತಾ ಹೋಗಿ. ಕೆಳಗೆ ಉಳಿಯುವ ತ್ರಿಕೋನದ ಸಂದಿಗೆ ಒಂದು ಸಾಲು ಕಲ್ಲು ಜೋಡಿಸಿ, ಆದರೆ ಮಳೆನೀರು ಹೋಗುವ ದಾರಿ ಮುಚ್ಚಬೇಡಿ.

ಗೇಟಿನ ಕಂಬ ಮಾತ್ರ ಅಲ್ಯೂಮಿನಿಯಂ ಬೇಡ. ದಿನಕ್ಕೆ ಹತ್ತು ಸಲ ತೆರೆದು ಹಾಕುವಾಗ ಪೂರ್ತಿ ಎಳೆತ ಕಂಬದ ಮೇಲೇ ಬೀಳುತ್ತೆ. ಕಾಂಕ್ರೀಟು, ಕಲ್ಲು ಅಥವಾ ದಪ್ಪ ಉಕ್ಕಿನ ಕಂಬವನ್ನು 3 ಅಡಿ ಆಳಕ್ಕೆ ನಿಲ್ಲಿಸಿ. ಉಕ್ಕಿಗೂ ಅಲ್ಯೂಮಿನಿಯಂಗೂ ನಡುವೆ ರಬ್ಬರ್ ಇರಲಿ. 12 ಅಡಿಯ ಗೇಟನ್ನು 6 ಅಡಿಯ ಎರಡು ಬಾಗಿಲು ಮಾಡಿ, ಮೂಲೆಯಿಂದ ಮೂಲೆಗೆ ಓರೆ ಪಟ್ಟಿ ಕೊಡಿಸಿ. ಕಿರಿದಾದ ರಸ್ತೆಯಿಂದ ಟ್ರೇಲರ್ ತಿರುಗಿಸಿ ಒಳಗೆ ತರಬೇಕಿದ್ದರೆ ಮೊದಲು ಎರಡು ಗೂಟ ನೆಟ್ಟು ಒಮ್ಮೆ ತಿರುಗಿಸಿ ನೋಡಿ, ಆಮೇಲೆ ಗೇಟಿನ ಅಗಲ ತೀರ್ಮಾನಿಸಿ.

ಬೇಲಿಗೆ ಕರೆಂಟು ಬೇಡವೇ ಬೇಡ

ಲೇಖನದಲ್ಲಿ ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಊರಿನ ವಿದ್ಯುತ್ ಲೈನಿನ ತಂತಿಯಲ್ಲಿರುವುದೂ ಅಲ್ಯೂಮಿನಿಯಮ್ಮೇ, ಅಷ್ಟು ಚೆನ್ನಾಗಿ ಕರೆಂಟು ಹರಿಯುತ್ತೆ. ಹಂದಿ ಬರುತ್ತೆ, ಕಳ್ಳ ಬರುತ್ತಾನೆ ಅಂತ ಮನೆಯ 230 ವೋಲ್ಟನ್ನು ಬೇಲಿಗೆ ಕೊಡುವವರು ಇನ್ನೂ ಇದ್ದಾರೆ. ರಾತ್ರಿ ನೀರು ಬಿಡಲು ಹೋದ ಮನೆಯವರೇ, ಚೆಂಡು ತರಲು ಓಡಿದ ಪಕ್ಕದ ಮನೆಯ ಮಗುವೇ ಅದಕ್ಕೆ ಬಲಿಯಾಗಬಹುದು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತ ಹಿರಿಯರು ಅನ್ನುತ್ತಿದ್ದರು, ಇಲ್ಲಿ ಬೇಲಿ ಮೇಯುವುದು ಮನೆಯವರನ್ನೇ. ಜೀವ ಹೋದರೆ ಕ್ರಿಮಿನಲ್ ಕೇಸು ಖಂಡಿತ. ಆನೆ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇರೆ ಕೇಸು.

ಸೋಲಾರ್ ಬೇಲಿ ಇದಲ್ಲ. ಅದರ ಎನರ್ಜೈಸರ್ ಪೆಟ್ಟಿಗೆ ಸುಮಾರು ಸೆಕೆಂಡಿಗೊಮ್ಮೆ, ಕ್ಷಣಮಾತ್ರದ ಮಿಡಿತದಲ್ಲಿ ಕರೆಂಟು ಬಿಡುತ್ತೆ. ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತೆ, ಸಾಯಲ್ಲ. ಅದು ಬೇಕಿದ್ದರೆ ಪ್ರಮಾಣೀಕೃತ ಎನರ್ಜೈಸರ್ ತಂದು, ಸರಿಯಾದ ಅರ್ಥಿಂಗ್ ಮಾಡಿಸಿ, ಎಚ್ಚರಿಕೆ ಫಲಕ ಹಾಕಿ, ಜಮೀನಿನ ಗಡಿಗೆ ಬೇರೆಯಾಗಿಯೇ ಹಾಕಿಸಿ. ಸಹಾಯಧನ ಇದೆಯಾ ಅಂತ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಮನೆಯ ಅಲ್ಯೂಮಿನಿಯಂ ಬೇಲಿಗೆ ಅದನ್ನು ಜೋಡಿಸಬೇಡಿ.

ಗೊತ್ತಿಲ್ಲದೆ ಕರೆಂಟು ಬರುವ ದಾರಿಗಳೂ ಇವೆ. ಪಂಪ್‌ಸೆಟ್ ಕೇಬಲ್ಲನ್ನು ಬೇಲಿಗೆ ಸುತ್ತಬೇಡಿ. ವಿದ್ಯುತ್ ಕಂಬದ ಸ್ಟೇ ತಂತಿಗೆ ಬೇಲಿ ತಾಗಿಸಬೇಡಿ. ಗೇಟಿಗೆ ಬಲ್ಬು, ಕ್ಯಾಮೆರಾ ಹಾಕಿಸಿದರೆ ವೈರು ಪೈಪಿನೊಳಗೇ ಇರಲಿ, ಗೇಟಿಗೆ ಅರ್ಥಿಂಗ್ ಇರಲಿ, ಮನೆಯ ಬೋರ್ಡಿನಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ ಇರಲಿ. ಗಾಳಿಮಳೆಗೆ ಲೈನು ಹರಿದು ಬೇಲಿ ಮೇಲೆ ಬಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.

ನಿರ್ವಹಣೆ: ಅಡಿಕೆ ಬೆಳೆಗಾರರು ವಿಶೇಷವಾಗಿ ಗಮನಿಸಿ

"ನಿರ್ವಹಣೆಯೇ ಬೇಡ" ಅನ್ನೋದು ಮಾರುವವರ ಮಾತು. ಒಳನಾಡಿನಲ್ಲಿ ಆರು ತಿಂಗಳಿಗೊಮ್ಮೆ, ಕರಾವಳಿಯಲ್ಲಿ ತಿಂಗಳಿಗೊಮ್ಮೆ ಸಾದಾ ನೀರು, ಸ್ವಲ್ಪ ಸೋಪು ಹಾಕಿ ತೊಳೆಯಿರಿ. ತಂತಿ ಬ್ರಷ್, ಆ್ಯಸಿಡ್, ಬೂದಿ, ಸೋಡಾ ಮುಟ್ಟಿಸಬೇಡಿ.

ಅಡಿಕೆ ತೋಟದ ನಡುವೆ ಮನೆ ಇರುವವರಿಗೆ ಒಂದು ಮಾತು. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಇರುತ್ತೆ. ಮೈಲುತುತ್ತ ಅಂದರೆ ತಾಮ್ರ, ಸುಣ್ಣ ಅಂದರೆ ಕ್ಷಾರ. ಅಲ್ಯೂಮಿನಿಯಂಗೆ ಆಗದ ಎರಡೂ ಒಂದೇ ಬ್ಯಾರೆಲ್ಲಿನಲ್ಲಿ! ಔಷಧಿ ಹೊಡೆಯುವ ದಿನ ಬೇಲಿಗೆ ಪ್ಲಾಸ್ಟಿಕ್ ಹೊದಿಸಿ, ಇಲ್ಲವೇ ಅವತ್ತೇ ಸಂಜೆ ಪೈಪು ಹಿಡಿದು ತೊಳೆದುಬಿಡಿ. ದ್ರಾವಣ ಕಲಸುವ ಜಾಗ ಬೇಲಿಯಿಂದ ದೂರ ಇರಲಿ. ರಸಗೊಬ್ಬರದ ಚೀಲ ಬೇಲಿಗೆ ಒರಗಿಸಿಡುವುದು, ಒಲೆಯ ಬೂದಿ ಬೇಲಿ ಬುಡಕ್ಕೆ ಸುರಿಯುವುದು ಬೇಡ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಪ್ರತಿ ಕಂಬ ಅಲುಗಾಡಿಸಿ ನೋಡಿ. ಬುಡದಲ್ಲಿ ಬಿಳಿ ಪುಡಿ ಕಂಡರೆ ಕೆರೆದು, ತೊಳೆದು, ಒಣಗಿಸಿ ಮತ್ತೆ ಬಿಟುಮೆನ್ ಬಳಿಯಿರಿ. ಸಡಿಲಾದ ಸ್ಕ್ರೂ ಬಿಗಿ ಮಾಡಿ. ಬಳ್ಳಿ ಹಬ್ಬಿದ್ದರೆ ತೆಗೆಯಿರಿ, ಅದು ತೇವ ಹಿಡಿದಿಡುತ್ತೆ.

ಕೊನೆಗೆ, ಆರ್ಡರ್ ಕೊಡುವ ಮೊದಲು

* ಗಡಿ ಪಕ್ಕಾ ಆಗಿದೆಯಾ? ನೆರೆಯವರಿಗೆ ಹೇಳಿದ್ದೀರಾ?
* ಎದುರು ಸಾಲಿಗೆ ಮಾತ್ರ ಹಾಕಿದರೆ ಎಷ್ಟು ಕೆಜಿ, ಸುತ್ತಲೂ ಹಾಕಿದರೆ ಎಷ್ಟು ಕೆಜಿ, ಎರಡೂ ಲೆಕ್ಕ ಹಾಕಿದ್ದೀರಾ?
* ಕಂಬದ ದಪ್ಪ 2 ಮಿಮೀ ಇದೆ ಅಂತ ತೂಗಿ ನೋಡಿದ್ದೀರಾ?
* ಬಿಟುಮೆನ್ ಬಣ್ಣ, ಸ್ಟೇನ್‌ಲೆಸ್ ಸ್ಕ್ರೂ, ನೈಲಾನ್ ವಾಷರ್, ಕಂಬದ ಮುಚ್ಚಳ ಕೊಟೇಶನ್‌ನಲ್ಲಿ ಸೇರಿವೆಯಾ?
* ಒಂದು ಪಟ್ಟಿ ಮುರಿದರೆ ಅದೊಂದೇ ಸಿಗುತ್ತಾ? ಎರಡು ಪಟ್ಟಿ, ಒಂದು ಹಿಡಿ ಸ್ಕ್ರೂ ಹೆಚ್ಚುವರಿ ತೆಗೆದಿಟ್ಟುಕೊಂಡಿದ್ದೀರಾ?

ಐದಕ್ಕೂ "ಹೌದು" ಅನ್ನುವಂತಿದ್ದರೆ ಧೈರ್ಯವಾಗಿ ಮುಂಗಡ ಕೊಡಿ. ಒಂದಕ್ಕೆ "ಇಲ್ಲ" ಅಂತ ಬಂದರೂ ಒಂದು ವಾರ ತಡೆಯಿರಿ. ಬೇಲಿ ಒಂದು ವಾರ ತಡವಾದರೆ ನಷ್ಟವಿಲ್ಲ, ತಪ್ಪು ಜಾಗದಲ್ಲಿ ನಿಂತ ಬೇಲಿಯನ್ನು ಕೀಳಿಸುವುದಕ್ಕೆ ಎರಡರಷ್ಟು ಖರ್ಚು. ಈ ಭಾನುವಾರ ಒಂದು ಟೇಪು, ನಾಲ್ಕು ಗೂಟ, ಒಂದು ಉಂಡೆ ದಾರ ಹಿಡಿದು ಅಂಗಳಕ್ಕೆ ಇಳಿಯಿರಿ. ಕೆಲಸ ಅಲ್ಲಿಂದ ಶುರು.